ಶೈಲಾ ಟೀಚರ್ ಮೂವರನ್ನು ಕೇಳಿದ್ದು

ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ದೇವರ ಹೆಸರೊಂದನ್ನು ಇಟ್ಟಿದ್ದಾರೆ. ಆ ಹೆಸರು ಹೇಳಿದರೆ ಆಟೋದವನಿಗೆ ತಿಳಿಯುವುದಿಲ್ಲ. "ಶೈಲಾ ಟೀಚರ ಕ್ಲಾಸು" ಎಂದರೆ ಮರುಮಾತಿಲ್ಲದೆ ತಂದು ಇಳಿಸುತ್ತಾನೆ. ಸುತ್ತಲಿನ ಕಚೇರಿಗಳಲ್ಲಿ ಕುಳಿತು ಕೀಲಿ ಒತ್ತುವ ಕೈಗಳಲ್ಲಿ ಅರ್ಧಕ್ಕರ್ಧ ಶೈಲಾ ಪಳಗಿಸಿದ ಕೈಗಳೇ. ಇಷ್ಟೆಲ್ಲ ಹೆಸರು ಮಾಡಿದ ಈ ಕೆಲಸವನ್ನು ಆಕೆ ತಾನಾಗಿ ಆರಿಸಿಕೊಂಡಿದ್ದೇನೂ ಅಲ್ಲ.

ಆಕೆ ಪಿಯುಸಿ ಓದುತ್ತಿದ್ದಾಗ ತಂದೆ ತೀರಿಕೊಂಡರು. ಅಲ್ಲಿಂದ ಮುಂದೆ ಮನೆಯ ಹಿರಿತನ ತಂದೆಯ ತಮ್ಮ ಸಂಗಯ್ಯ ಕಾಕಾನ ಪಾಲಿಗೆ ಬಂತು. ಕಾಕಾ ಬಾಗಲಕೋಟೆಯ ಪಾಲಿಟೆಕ್ನಿಕ್ಕೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಆ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದವರು ತಾವೇ ಎಂದು ಮದುವೆ ಮುಂಜಿಗಳಲ್ಲಿ ಈಗಲೂ ಹೇಳುತ್ತಾರೆ. ಶೈಲಾಗೆ ಗಣಿತ ಇಷ್ಟವಿತ್ತು. ಕಾಕಾ "ಕಾಮರ್ಸ್ ಹಚ್ಚು" ಎಂದರು, ಹಚ್ಚಿದಳು. "ಟೈಪಿಂಗ್ ಕಲಿ" ಎಂದರು, ಕಲಿತಳು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾಗಲಿಂಗ ಎಂಬ ಹುಡುಗನನ್ನು ತೋರಿಸಿದರು, ಮದುವೆಯಾದಳು. ಹುನಗುಂದದಲ್ಲಿ ಪರಿಚಯದವರೊಬ್ಬರ ಇನ್‌ಸ್ಟಿಟ್ಯೂಟಿದೆ, ಅಲ್ಲಿ ಸೇರು ಎಂದರು, ಸೇರಿದಳು. ಇದರಲ್ಲಿ ಒಂದಾದರೂ ಕೆಟ್ಟು ಹೋಗಿದ್ದರೆ ಕಾಕಾನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಒಂದೂ ಕೆಡಲಿಲ್ಲ. ನಾಗಲಿಂಗ ಒಳ್ಳೆಯವನು, ಕೆಲಸ ಗೌರವದ್ದು, ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲ. ಹಾಗಾಗಿ ಆಕೆಗೆ ಉಳಿದಿದ್ದು ಉಪಕಾರದ ಭಾರ ಒಂದೇ.

ನಲವತ್ತು ದಾಟಿದ ಮೇಲೆ ಆ ಭಾರದ ಜೊತೆಗೆ ಸುಸ್ತೂ ಸೇರಿಕೊಂಡಿತು. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯಬೇಕು, ನಳ ಬಂದ ದಿನ ನೀರು ತುಂಬಬೇಕು, ಇಳಕಲ್ಲಿನಲ್ಲಿ ಬಸ್ಸು ಹತ್ತಬೇಕು. ಹೆದ್ದಾರಿಯಲ್ಲಿ ಕೆಂಪು ಕಲ್ಲಿನ ಬಂಡೆ ಹೇರಿಕೊಂಡ ಲಾರಿ ಮುಂದೆ ಸಿಕ್ಕಿತೆಂದರೆ ಅದರ ಧೂಳು ಕುಡಿಯುತ್ತ ಹಿಂದೆಯೇ ಹೋಗಬೇಕು. ಹುನಗುಂದದಲ್ಲಿ ಇಳಿದು ಮಹಡಿ ಹತ್ತಿ ಸಂಜೆಯವರೆಗೂ ಮಂದಿಯ ಬೆರಳು ನೋಡುತ್ತ ನಿಲ್ಲಬೇಕು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರವೇ ಕುಳಿತುಬಿಡುತ್ತಿದ್ದಳು. ಒಳಗೆ ಹೋಗುವುದಕ್ಕೂ ಒಂದು ಮನಸ್ಸು ಬೇಕಾಗುತ್ತಿತ್ತು.

ಇಂಥ ದಿನಗಳಲ್ಲೇ, ಯುಗಾದಿ ಮುಗಿದ ಮೇಲೆ, ಇನ್‌ಸ್ಟಿಟ್ಯೂಟಿನ ಮಾಲೀಕರಾದ ಶ್ರೀಶೈಲಪ್ಪ ಮಾಸ್ತರರು ಆಕೆಯನ್ನು ತಮ್ಮ ಕೋಣೆಗೆ ಕರೆದರು.

"ಕುಂಡ್ರಿ ಮೇಡಂ," ಎಂದರು. ಕುಳಿತುಕೊಳ್ಳಲು ಹೇಳಿದಾಗಲೇ ಶೈಲಾಗೆ ಇದು ಒಳ್ಳೆಯ ಸುದ್ದಿ ಅಲ್ಲ ಎಂದು ಗೊತ್ತಾಯಿತು. "ಟೈಪಿಂಗ್ ಕಲಿಯಾಕ ಈಗ ಯಾರೂ ಬರವಲ್ರು. ನೀವ ನೋಡಾಕತ್ತೀರಿ. ಜೂನದಾಗ ಕೋಡಿಂಗ್ ಕ್ಲಾಸ್ ಸುರು ಮಾಡೂದಂತ ಮಾಡೇನಿ. ನೀವ ಕಲ್ತು ನೀವ ಕಲಸ್ರಿ."

"ನಾ ಏನ್ರಿ ಸರ್? ನನಗ ಅದರ ಗಂಧಾನೂ ಗೊತ್ತಿಲ್ಲ."

"ಟೈಪಿಂಗೂ ಹುಟ್ಟಿದಾಗಿಂದ ಬರ್ತಿತ್ತೇನ್ರಿ? ಪ್ರವೇಶದ ದಿನ ತಂದಿ ತಾಯಿ ಎಲ್ಲಾರೂ ಬರ್ತಾರ. ಅವರ ಮುಂದ ಏನರೆ ಒಂದು ಮಾಡಿ ತೋರಸ್ರಿ, ಸಾಕು. ಆಗೂದಿಲ್ಲಂದ್ರ ಈಗ ಹೇಳ್ರಿ. ಬಾಗಲಕೋಟಿಯಿಂದ ಒಬ್ಬಾಂವ ಬರಾಕ ತಯಾರ ಅದಾನ."

ಮಾಸ್ತರರು ಕೆಟ್ಟವರಲ್ಲ, ಬೆದರಿಸುವವರೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಆ ಬಾಗಲಕೋಟೆಯವನು ಬಂದರೆ ತನ್ನ ಕೋಣೆ ಅವನದಾಗುತ್ತದೆ, ತಾನು ಮನೆಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ ಎಂಬುದು ಶೈಲಾಗೆ ಕುರ್ಚಿಯಿಂದ ಏಳುವ ಮೊದಲೇ ಹೊಳೆಯಿತು. ಸುಸ್ತಾದವರಿಗೆ ಮನೆಯಲ್ಲಿ ಕುಳಿತುಕೊಳ್ಳುವುದು ಸುಖವೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಆ ಕೋಣೆಯೊಂದರಲ್ಲೇ ಆಕೆ ಹೇಳಿದ್ದನ್ನು ಬೇರೆಯವರು ಮಾಡುತ್ತಿದ್ದರು. ಬೇರೆಲ್ಲ ಕಡೆ ಬೇರೆಯವರು ಹೇಳಿದ್ದನ್ನು ಆಕೆ ಮಾಡುತ್ತಿದ್ದಳು.

ಎದ್ದು ಬಾಗಿಲ ತನಕ ಬಂದವಳು ಸುಮ್ಮನೆ ಹೋಗಬೇಕಿತ್ತು. ಹೋಗಲಿಲ್ಲ. ತಿರುಗಿ ನಿಂತು, "ಯಾವ ಭಾಷಾ ಕಲೀಲ್ರಿ ಸರ್?" ಎಂದು ಕೇಳಿದಳು. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಹತ್ತಾರಿವೆ ಎಂಬುದಷ್ಟು ಆಕೆಗೆ ಗೊತ್ತಿತ್ತು.

ಮಾಸ್ತರರಿಗೆ ಅದೂ ಗೊತ್ತಿರಲಿಲ್ಲ. ಆದರೆ ಕೇಳಿದ ಮೇಲೆ ಹೇಳದಿದ್ದರೆ ಮಾಲೀಕತನಕ್ಕೆ ಏನು ಬೆಲೆ? ಬಾಗಲಕೋಟೆಯ ನವನಗರದಲ್ಲಿ ಯಾವುದೋ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಓದಿದ್ದು ನೆನಪಾಯಿತು. "ಜಾವಾ," ಎಂದರು. "ಜಾವಾ ಕಲೀರಿ. ಬೋರ್ಡ್ ಬರೆಯಾಕ ಹೇಳತೇನಿ."

ಆ ಭಾನುವಾರ ಸಂಗಯ್ಯ ಕಾಕಾನ ಫೋನು ಬಂತು. ಭಾನುವಾರ ಮಧ್ಯಾಹ್ನ ಕಾಕಾ ಫೋನು ಮಾಡುವುದು ವರ್ಷಗಳಿಂದ ಬಂದ ಪದ್ಧತಿ. ಶೈಲಾ ಎದ್ದು ನಿಂತೇ ಮಾತಾಡುತ್ತಾಳೆ. ಇನ್‌ಸ್ಟಿಟ್ಯೂಟಿನ ಸುದ್ದಿ ಹೇಳಿದಳು. ಹೇಳಿ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು, ಆದರೆ ನಾಲಿಗೆ ರೂಢಿಯಂತೆ ಮುಂದೆ ಹೋಯಿತು. "ಯಾವದು ಕಲೀಲ್ರಿ ಕಾಕಾರ ಮೊದಲು?"

"ಇದನ್ನೂ ಕೇಳಬೇಕೇನು? ಸಿ. ಸಿ ಇಲ್ದ ಮುಂದ ಹೋದಾಂವ ತಳಪಾಯ ಇಲ್ದ ಮನಿ ಕಟ್ಟಿದಂಗ. ಈ ಜಾವಾ ಗೀವಾ ಎಲ್ಲಾ ಆಮ್ಯಾಲ. ನನ್ನ ಪುಸ್ತಕ ಕಳಸ್ತೇನಿ."

ಕಾಕಾ ಆಡಿದ ಮಾತಿಗೆ ತಪ್ಪುವವರಲ್ಲ. ಮರುದಿನವೇ ಬಾಗಲಕೋಟೆಯಿಂದ ಕಮತಗಿ ಹಾದು ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿದ ದಪ್ಪ ಪುಸ್ತಕ ಬಂದು ಸೇರಿತು.

ಮೂರನೆಯವನು ಅರ್ಷದ. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅರ್ಷದ ಒಂದು ಕಾಲದಲ್ಲಿ ಆಕೆಯ ಹತ್ತಿರವೇ ಟೈಪಿಂಗ್ ಕಲಿತವನು. ಈಗ ಅವನಿಗೂ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಮನೆಯ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ ಎಂದು ತೋರಿಸಲು ಹೋದವಳು ಅವನನ್ನೂ ಕೇಳಿದಳು.

"ಪೈಥಾನ್ ಕಲೀರಿ ಟೀಚರ," ಎಂದ ಅರ್ಷದ, ಸ್ಕ್ರೂ ಬಿಚ್ಚುತ್ತ. "ಹೊಸದಾಗಿ ಕಲಿಯೋರಿಗೆ ಹಗುರಾಗತೈತಿ."

ಹೀಗೆ ಮೂವರನ್ನು ಕೇಳಿದ ಶೈಲಾಗೆ ಮೂರು ಉತ್ತರ ಸಿಕ್ಕವು. ಬೇರೆ ಊರಿನಲ್ಲಾದರೆ ಇದೊಂದು ಸಂಗತಿಯೇ ಅಲ್ಲ. ಕೇಳಿದರು, ಹೇಳಿದರು, ಬೇಕಾದ್ದು ಆರಿಸಿಕೊಂಡರು. ನಮ್ಮ ಕಡೆ ಹಾಗೆ ನಡೆಯುವುದಿಲ್ಲ. ಇಲ್ಲಿ ಒಬ್ಬರ ಹತ್ತಿರ ಹೋಗಿ "ಏನು ಮಾಡ್ಲಿ?" ಎಂದು ಕೇಳಿದರೆ, ಹೇಳಿದ್ದನ್ನು ಮಾಡುತ್ತೇನೆ ಎಂದು ಅರ್ಧ ಮಾತು ಕೊಟ್ಟಂತೆಯೇ. ಕನ್ಯೆ ನೋಡುವಾಗ, ಬಾವಿ ತೋಡಿಸುವಾಗ, ಮನೆಗೆ ಯಾವ ದಿಕ್ಕಿಗೆ ಬಾಗಿಲಿಡಬೇಕು ಎನ್ನುವಾಗ ಹಿರಿಯರನ್ನು ಕೇಳುತ್ತಾರೆ. ಕೇಳಿ, ಮಾಡದೆ ಬಿಟ್ಟರೋ, "ಹಂಗಾದ್ರ ನನ್ನ ಕೇಳಾಕ ಯಾಕ ಬಂದಿದ್ದಿ?" ಎಂಬ ಮಾತು ಹುಟ್ಟುತ್ತದೆ. ಆ ಮಾತು ಹುಟ್ಟಿದ ಮನೆಗಳಲ್ಲಿ ವರ್ಷಗಟ್ಟಲೆ ಚಹಾ ಕುಡಿಯದೆ ಉಳಿದವರಿದ್ದಾರೆ. ಜಾಣರಾದವರು ಮೊದಲು ತಾವೇ ತೀರ್ಮಾನಿಸಿ, ಆಮೇಲೆ ಹಿರಿಯರ ಬಾಯಿಂದ ಅದೇ ಮಾತು ಬರುವ ಹಾಗೆ ಕೇಳುತ್ತಾರೆ. ಶೈಲಾಗೆ ಆ ಜಾಣತನ ಬರಲಿಲ್ಲ. ಆಕೆ ಖರೆಖರೆ ಗೊತ್ತಿಲ್ಲದೆಯೇ ಕೇಳುತ್ತಿದ್ದಳು.

"ಮೂವರನ್ನ ಕೇಳಿ ಮೂವರ ಕಡಿಂದ ಹಗ್ಗಾ ಕೊರಳಿಗೆ ಹಾಕ್ಕೊಂಡಿ," ಎಂದು ನಾಗಲಿಂಗ ಊಟದ ಮುಂದೆ ನಕ್ಕ. ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಚಿ ಅವನಿಗೂ ತೋಳು ಬಿದ್ದು ಹೋಗಿರುತ್ತಿತ್ತು. "ನಮ್ಮಂಗಡ್ಯಾಗ ನೋಡು. ಯಾವ ಬಣ್ಣ ತೊಗೊಳ್ಳಿ ಅಂತ ಹೆಣ್ಮಕ್ಕಳು ಕೇಳತಾರ. ನಾ ಅವರ ಕೈ ಎದರ ಮ್ಯಾಲ ಐತಿ ನೋಡಿ, ಅದನ್ನ ಹೇಳತೇನಿ."

"ನನ್ನ ಕೈ ಎದರ ಮ್ಯಾಲ ಐತ್ರಿ?"

"ಅದು ನಿನಗ ಗೊತ್ತು," ಎಂದು ಅವನು ರೊಟ್ಟಿಗೆ ಕೈ ಹಾಕಿದ. ಶೈಲಾಗೆ ಗೊತ್ತಿರಲಿಲ್ಲ. ಯಾವ ಬಣ್ಣ ಇಷ್ಟ ಎಂದು ಯಾರಾದರೂ ಕೇಳಿದರೂ ಆಕೆ ಪಕ್ಕದವರ ಮುಖ ನೋಡುವವಳು.

ಕೊನೆಗೆ ಆಕೆ ಮಾಡಿದ್ದೇನೆಂದರೆ, ಮೂರನ್ನೂ ಕಲಿಯಲು ಕುಳಿತಳು. ನಗಬೇಡಿ. ಮಾಸ್ತರರು ಎದುರಿಗೆ ಸಿಕ್ಕಾಗಲೆಲ್ಲ "ಜಾವಾ ಎಲ್ಲಿಗೆ ಬಂತ್ರಿ?" ಎನ್ನುತ್ತಿದ್ದರು. ಭಾನುವಾರ ಕಾಕಾ "ಪುಸ್ತಕ ಎಷ್ಟು ಆತು?" ಎನ್ನುತ್ತಿದ್ದರು. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಅರ್ಷದನ ಅಂಗಡಿ. ಮೂವರಿಗೂ ಹೇಳಲು ಒಂದೊಂದು ಉತ್ತರ ಬೇಕು. ಮಧ್ಯಾಹ್ನ ಕ್ಲಾಸು ಖಾಲಿಯಾದಾಗ ಬಿಸಿಲಿಗೆ ಕಾದ ತಗಡಿನ ಕೆಳಗೆ ಕುಳಿತು ಒಂದು ದಿನ ಸಿ, ಒಂದು ದಿನ ಜಾವಾ, ಒಂದು ದಿನ ಪೈಥಾನ್ ಹಚ್ಚಿಕೊಂಡಳು. ಮೂರರ ಮೊದಲ ಪಾಠವೂ ಒಂದೇ, ಪರದೆಯ ಮೇಲೆ ಒಂದು ನಮಸ್ಕಾರ ಮೂಡಿಸುವುದು. ಮೂರು ಭಾಷೆಯಲ್ಲೂ ನಮಸ್ಕಾರ ಹಾಕಿಸಿ ಆಕೆ ಅಲ್ಲೇ ನಿಂತಳು.

ಬೆರಳುಗಳಿಗೇನೂ ಕಷ್ಟವಿರಲಿಲ್ಲ. ಜಾವಾದ ಆ ಉದ್ದುದ್ದ ಮೊದಲ ಸಾಲುಗಳನ್ನು ಕೀಲಿಮಣೆ ನೋಡದೆಯೇ ಪಟಪಟ ಹೊಡೆಯುತ್ತಿದ್ದಳು. ಪಾಠ ಬೆರಳಿಗೆ ಬರುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಸಿ ಮತ್ತು ಜಾವಾದಲ್ಲಿ ಸಾಲಿನ ಕೊನೆಗೆ ಅರ್ಧವಿರಾಮ ಹಾಕಬೇಕು, ಪೈಥಾನಿಗೆ ಅದು ಬೇಡ. ಪೈಥಾನಿನ ಮರುದಿನ ಸಿ ಬರೆದರೆ ಅರ್ಧವಿರಾಮ ಮರೆಯುತ್ತಿದ್ದಳು. ಸಿ ಬರೆದ ಮರುದಿನ ಜಾವಾದಲ್ಲಿ ಸಿ ಭಾಷೆಯ ಮಾತು ಬಂದು ಕೂರುತ್ತಿತ್ತು. ಆಗ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡುತ್ತಿದ್ದವು.

ಕೆಂಪು ಕಂಡ ಕೂಡಲೇ ಶೈಲಾ ಬರೆದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಿದ್ದಳು. ಟೈಪಿಂಗಿನಲ್ಲಿ ಪಳಗಿದವರು ಮಾತ್ರ ಮಾಡುವ ತಪ್ಪು ಇದು. ಟೈಪ್‌ರೈಟರಿನ ಕಾಲದಿಂದ ಆಕೆ ವಿದ್ಯಾರ್ಥಿಗಳಿಗೆ ಕಲಿಸಿದ್ದೇ ಅದು. ತಪ್ಪು ಬಿತ್ತೋ, ತಿದ್ದಬೇಡ, ಒರೆಸಬೇಡ, ಹಾಳೆ ಎಳೆದು ಹೊಸದು ಹಾಕು. ಪರೀಕ್ಷೆಯಲ್ಲಿ ತಿದ್ದಿದ ಹಾಳೆಗೆ ಕಿಮ್ಮತ್ತಿಲ್ಲ. ಆ ಶಿಸ್ತೇ ಈಗ ಆಕೆಯನ್ನು ತಿನ್ನುತ್ತಿತ್ತು. ಹತ್ತು ಸಾಲು ಬರೆದು ಹನ್ನೊಂದಕ್ಕೆ ಕೆಂಪು ಬಂದರೆ ಮತ್ತೆ ಒಂದನೆಯ ಸಾಲಿಗೆ ಬರುತ್ತಿದ್ದಳು. ಏಪ್ರಿಲ್ ತಿಂಗಳು ಹೀಗೇ ಸವೆಯಿತು.

ಒಂದು ಸಂಜೆ ಲ್ಯಾಪ್‌ಟಾಪನ್ನು ಹೊತ್ತುಕೊಂಡೇ ಅರ್ಷದನ ಅಂಗಡಿಗೆ ಹೋದಳು. ಯಂತ್ರವೇ ಕೆಟ್ಟಿರಬೇಕು ಎಂದು ಆಕೆಗೆ ಅನಿಸಿತ್ತು. ಅವನ ಎದುರಿಗೇ ಪೈಥಾನಿನಲ್ಲಿ ನಾಲ್ಕು ಸಾಲು ಬರೆದಳು, ಕೆಂಪು ಬಂತು, ಎಲ್ಲ ಅಳಿಸಿದಳು.

"ಅಯ್ಯ ಟೀಚರ! ಎಲ್ಲಾ ಯಾಕ ಅಳಿಸಿದ್ರಿ?"

"ತಪ್ಪು ಬಂತಲ್ಲಪಾ."

"ಒಂದ ಕಡೆ ಸಾಲಿನ ಕೊನಿಗೆ ಹಾಕೂ ಎರಡು ಚುಕ್ಕಿ ಬಿಟ್ಟಿದ್ರಿ. ಯಾವ ಸಾಲಿನ್ಯಾಗ ತಪ್ಪೈತಿ ಅಂತ ಅದ ಹೇಳತಿತ್ತು. ಓದೂದಿಲ್ಲೇನ್ರಿ ನೀವು?"

ಓದುತ್ತಿರಲಿಲ್ಲ. ಕೆಂಪು ಎಂದರೆ ಬೈಗುಳ ಎಂದು ತಿಳಿದಿದ್ದಳೇ ಹೊರತು, ಅದರಲ್ಲಿ ಉಪಯೋಗದ ಮಾತೊಂದು ಇರಬಹುದೆಂದು ಆಕೆಗೆ ತೋಚಿರಲಿಲ್ಲ. ಅರ್ಷದ ಸ್ಟೂಲು ಎಳೆದು ಕೊಟ್ಟ. ಅದರ ಮೇಲೆ ಕುಳಿತದ್ದೇ ಶೈಲಾಗೆ ಅಳು ಬಂದುಬಿಟ್ಟಿತು. ಮೂರೂ ಕಲಿಯುತ್ತಿರುವುದನ್ನು, ಒಂದೂ ಬಾರದಿರುವುದನ್ನು, ಜೂನು ಹತ್ತಿರ ಬಂದಿರುವುದನ್ನು ಒಂದೇ ಉಸಿರಿಗೆ ಹೇಳಿಕೊಂಡಳು.

"ಮೂರೂ? ಮೂರು ಯಾಕ್ರಿ?"

"ಮೂವರು ಹೇಳಿದ್ರಲ್ಲ. ನೀನೂ ಒಬ್ಬಾಂವ."

ಅರ್ಷದ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾ ಹೇಳಿದ್ದು ಬಿಟ್ಟಬಿಡ್ರಿ ಟೀಚರ," ಎಂದ. "ನೀವು ಕೇಳಿದ್ರಿ, ಬಾಯಿಗಿ ಬಂದಿದ್ದು ಹೇಳೇನಿ. ನೀವು ಅದನ್ನ ಬಿಟ್ರ ನನಗೇನೂ ಬ್ಯಾಸರಿಲ್ಲ. ಖರೆ ಹೇಳಬೇಕಂದ್ರ ಯಾವದಾದ್ರೂ ನಡಿತಿತ್ತು. ಒಂದ ಹಿಡಿಬೇಕಿತ್ತು, ಅಷ್ಟ. ಅದಿರ್ಲಿ, ನೀವು ಕಂಪ್ಯೂಟರ್ ಕಡಿಂದ ಏನು ಮಾಡಸ್ಬೇಕಂತ ಮಾಡೀರಿ?"

ಇದನ್ನು ಆ ತನಕ ಒಬ್ಬರೂ ಕೇಳಿರಲಿಲ್ಲ. ಶೈಲಾ ಕಣ್ಣೊರೆಸಿಕೊಂಡು ಯೋಚಿಸಿದಳು. ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ವಿದ್ಯಾರ್ಥಿಗಳು ಟೈಪ್ ಮಾಡಿದ್ದನ್ನು ಒಂದೊಂದೇ ಶಬ್ದ ಮೂಲಕ್ಕೆ ಹೋಲಿಸಿ, ತಪ್ಪಿಗೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಹಾಕಿ ಆಕೆಯ ಕಣ್ಣುಗಳು ಮಂಜಾಗಿದ್ದವು. "ತಪ್ಪು ಎಣಿಸೂದು," ಎಂದಳು. "ಹುಡುಗರ ತಪ್ಪು ಅದ ಎಣಿಸಿ ಹೇಳಬೇಕು. ನನ್ನ ಕಣ್ಣಿಗಿ ಸಾಕಾಗೇತಿ."

"ಆಗತೈತಿ," ಎಂದ ಅರ್ಷದ.

ಮನೆಗೆ ನಡೆಯುತ್ತ ಶೈಲಾಗೆ ಒಂದು ವಿಚಿತ್ರ ಸಂಗತಿ ಹೊಳೆಯಿತು. ಮೂವರಲ್ಲಿ ತನ್ನ ಮಾತನ್ನು ಬಿಟ್ಟುಬಿಡಿ ಎಂದವನು ಒಬ್ಬನೇ, ತಾನು ಹಿಡಿಯಬೇಕು ಅಂದುಕೊಂಡದ್ದೂ ಅವನ ಮಾತನ್ನೇ. ಪೈಥಾನ್ ಹೆಚ್ಚು ಒಳ್ಳೆಯದೋ ಸಿ ಹೆಚ್ಚು ಒಳ್ಳೆಯದೋ ಆಕೆಗೆ ಆಗಲೂ ತಿಳಿದಿರಲಿಲ್ಲ. ಭಾಷೆ ಆರಿಸುವುದೆಂದರೆ ಯಾರನ್ನು ನೋಯಿಸಬೇಕು ಎಂದು ಆರಿಸುವುದು ಎಂದೇ ಆಕೆ ಇಷ್ಟು ದಿನ ನಡೆದುಕೊಂಡಿದ್ದಳು. ಯಾರನ್ನೂ ನೋಯಿಸಲಾರದೆ ತನ್ನನ್ನೇ ಹಣ್ಣು ಮಾಡಿಕೊಂಡಿದ್ದಳು. ಇದು ತಿಳಿದಾಗ ಆಕೆಗೆ ಸಂತೋಷವೇನೂ ಆಗಲಿಲ್ಲ, ತನ್ನ ಮೇಲೆಯೇ ಸಿಟ್ಟು ಬಂತು.

ಕಾಕಾನ ಪುಸ್ತಕವನ್ನು ಅದೇ ಟವೆಲಿನಲ್ಲಿ ಸುತ್ತಿ ಅಲಮಾರಿಯ ಮೇಲಿಟ್ಟಳು. ಮಧ್ಯಾಹ್ನಗಳೆಲ್ಲ ಪೈಥಾನಿಗೆ ಹೋದವು. ಕೆಂಪು ಬಂದರೆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಮೊದಲು ಓದುತ್ತಿದ್ದಳು. ಮೂಲದ ಶಬ್ದಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸುವುದು, ವಿದ್ಯಾರ್ಥಿಯ ಶಬ್ದಗಳನ್ನು ಇನ್ನೊಂದು ಸಾಲಿನಲ್ಲಿ ನಿಲ್ಲಿಸುವುದು, ಜೋಡಿ ಜೋಡಿಯಾಗಿ ನೋಡುತ್ತ ಹೋಗುವುದು, ಬೇರೆಯಾದದ್ದನ್ನು ಎಣಿಸುವುದು. ಇಷ್ಟಕ್ಕೆ ಆಕೆಗೆ ಮೇ ತಿಂಗಳ ಕೊನೆ ಬಂತು. ಒಂದು ಮಧ್ಯಾಹ್ನ, ಬೇಕೆಂದೇ ಎರಡು ಶಬ್ದ ತಪ್ಪಾಗಿ ಬರೆದು ಓಡಿಸಿದಳು. ಪರದೆಯ ಮೇಲೆ "ತಪ್ಪು: 2" ಎಂದು ಬಂತು. ಖಾಲಿ ಕೋಣೆಯಲ್ಲಿ ಆಕೆ ಒಬ್ಬಳೇ ನಕ್ಕಳು, ಆಮೇಲೆ ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ತಿರುಗಿದಳು.

ಆದರೆ ಕಾಕಾನಿಗೆ ಹೇಳಲಿಲ್ಲ. ಭಾನುವಾರ "ಎಲ್ಲಿಗೆ ಬಂತು?" ಎಂದರೆ "ನಡದೈತ್ರಿ ಕಾಕಾರ" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಕೆಲಸವೊಂದು ಮುಗಿದು ಹೋಗಲಿ, ಆಮೇಲೆ ನೋಡಿದರಾಯಿತು ಎಂದು ದಿನ ತಳ್ಳಿದಳು. ಮಾಸ್ತರರಿಗೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಮಹಡಿಯ ಮೆಟ್ಟಿಲ ಹತ್ತಿರ "ಇಲ್ಲಿ ಜಾವಾ ಕಲಿಸಲಾಗುವುದು" ಎಂಬ ಹಳದಿ ಬೋರ್ಡು ತೂಗಾಡುತ್ತಿತ್ತು.

ಪ್ರವೇಶದ ಹಿಂದಿನ ದಿನ ಮಾಸ್ತರರು ಹಿಗ್ಗಿನಿಂದ ಬಂದು ಹೇಳಿದರು. "ಮೇಡಂ, ಉದ್ಘಾಟನೆಗೆ ಯಾರನ್ನ ಕರದೇನಿ ಹೇಳ್ರಿ? ನಿಮ್ಮ ಕಾಕಾರನ್ನ! ಅವರಿಗಿಂತ ದೊಡ್ಡವರು ಈ ವಿಷಯದಾಗ ಯಾರದಾರ್ರಿ?"

ಶೈಲಾ ಬೆಂಚಿನ ಮೇಲೆ ಕುಳಿತುಬಿಟ್ಟಳು. ಮಾಸ್ತರರು ಅದನ್ನು ಸಂತೋಷಕ್ಕೆ ಎಂದುಕೊಂಡರು.

ಮರುದಿನ ಕೋಣೆ ತುಂಬಿತ್ತು. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಸಂಗಯ್ಯ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮಾಸ್ತರರು ಹೊದಿಸಿದ ಶಾಲು ಹೆಗಲ ಮೇಲೆ ಹಾಕಿಕೊಂಡು ಮೊದಲ ಕುರ್ಚಿಯಲ್ಲಿ ಕುಳಿತಿದ್ದರು. ಈಗ ಎಪ್ಪತ್ತು ದಾಟಿದರೂ ಅವರ ದನಿಗೆ ಮೈಕು ಬೇಡ. ದೀಪ ಹಚ್ಚಿ, ಬಸವಣ್ಣನನ್ನು ನೆನೆದು, ಮೊದಲ ಕಂಪ್ಯೂಟರಿನ ಪ್ಲಾಸ್ಟಿಕ್ ಹೊದಿಕೆ ತೆಗೆದ ಕಥೆ ಹೇಳಿ, ಕೊನೆಗೆ ಶೈಲಾಳ ಕಡೆ ಕೈ ತೋರಿಸಿದರು.

"ಇಕಿ ನಮ್ಮ ಮಗಳು. ಚಿಕ್ಕಂದಿನಿಂದ ನಾ ಹೇಳಿದ ಮಾತು ಒಂದೂ ಮೀರಿಲ್ಲ. ತಳಪಾಯ ಗಟ್ಟಿ ಇರ್ಲಿ ಅಂತ ಸಿ ಕಲಿಯಾಕ ಹೇಳಿದ್ದೆ. ಈಗ ಅದರಾಗ ಏನು ಮಾಡ್ಯಾಳ, ನಿಮ್ಮ ಮುಂದ ತೋರಸ್ತಾಳ."

ಮಂದಿ ಚಪ್ಪಾಳೆ ತಟ್ಟಿದರು. ಶೈಲಾ ಎದ್ದು ಕಂಪ್ಯೂಟರಿನ ಹತ್ತಿರ ಬಂದಳು. ಸುಮ್ಮನೆ ತೋರಿಸಿಬಿಟ್ಟಿದ್ದರೆ ಅಲ್ಲಿದ್ದ ತಂದೆ ತಾಯಿಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪರದೆಯ ಮೇಲಿರುವುದು ಯಾವ ಭಾಷೆ ಎಂದು ತಿಳಿಯಬಲ್ಲವರು ಕಾಕಾ ಒಬ್ಬರೇ, ಅವರೂ ಮಂದಿಯ ಮುಂದೆ ಮನೆಯವಳ ತಪ್ಪು ಎತ್ತಿ ಆಡುವವರಲ್ಲ. ಮನೆಗೆ ಹೋದ ಮೇಲೆ ಏನೋ ಒಂದು ಸಮಜಾಯಿಷಿ ಹೇಳಬಹುದಿತ್ತು. ಆಕೆಗೆ ಅದೆಲ್ಲ ಒಂದು ಕ್ಷಣ ಹೊಳೆಯಿತು. ಆದರೆ ಹಾಗೆ ಸಮಜಾಯಿಷಿ ಹೇಳುವುದಕ್ಕೂ ತ್ರಾಣ ಬೇಕು, ಅದು ಆಕೆಯಲ್ಲಿ ಉಳಿದಿರಲಿಲ್ಲ.

"ಇದು ಸಿ ಅಲ್ರಿ," ಎಂದಳು. ದನಿ ಸಣ್ಣದಾಗಿತ್ತು, ಆದರೂ ಕೊನೆಯ ಬೆಂಚಿಗೆ ಕೇಳಿತು. "ಹೊರಗ ಬೋರ್ಡಿನ ಮ್ಯಾಲ ಬರದಾರಲ್ಲ, ಆ ಜಾವಾನೂ ಅಲ್ಲ. ಇದಕ್ಕ ಪೈಥಾನ್ ಅಂತಾರ. ನಾನ ಆರಿಸೀನಿ."

ಮಾಸ್ತರರು ಕೆಮ್ಮಿದರು. ಕಾಕಾ ಕದಲಲಿಲ್ಲ.

ಹೊಸದಾಗಿ ಸೇರಲು ಬಂದ ಒಬ್ಬ ಹೆಣ್ಣುಮಗಳನ್ನು ಕರೆದು ಕೂರಿಸಿ, ಒಂದು ಪುಟ್ಟ ಪ್ಯಾರಾ ಟೈಪ್ ಮಾಡಲು ಹೇಳಿದಳು. ಆ ಹೆಣ್ಣುಮಗಳು ಹೆದರಿ ಹೆದರಿ ಟೈಪ್ ಮಾಡಿದಳು. ಶೈಲಾ ಪ್ರೋಗ್ರಾಮು ಓಡಿಸಿದಳು. ಪರದೆ ಅರವತ್ತಕ್ಕೂ ಹೆಚ್ಚು ತಪ್ಪು ತೋರಿಸಿತು. ಕೋಣೆಯೆಲ್ಲ ಗೊಳ್ಳೆಂದಿತು. ಟೈಪ್ ಮಾಡಿದವಳ ಮುಖ ಕೆಂಪಗಾಯಿತು.

ಶೈಲಾ ಬಾಗಿ ನೋಡಿದಳು. ಕೆಂಪು ಪೆನ್ನು ಹಿಡಿದ ಕಣ್ಣಿಗೆ ಕೂಡಲೇ ಸಿಕ್ಕಿತು. "ಇಕಿ ಮಾಡಿದ್ದು ಒಂದ ತಪ್ಪು," ಎಂದಳು. "ನಡುವ ಒಂದು ಶಬ್ದ ಬಿಟ್ಟಾಳ. ಅದರ ಮುಂದಿನವೆಲ್ಲ ಒಂದೊಂದು ಜಾಗ ಸರದಾವು. ಅದಕ್ಕ ಎಲ್ಲಾ ತಪ್ಪು ಅಂತ ಇದು ಎಣಿಸೇತಿ. ತಪ್ಪು ಇಕೀದಲ್ಲ, ನಂದು. ಇದನ್ನ ನಾ ಇನ್ನೂ ಅದಕ್ಕ ಕಲಿಸಿಲ್ಲ. ಕ್ಲಾಸಿನ್ಯಾಗ ಕೂಡೇ ಕಲಸೂಣು."

ಮಂದಿಗೆ ಆ ಮಾತು ಹಿಡಿಸಿತೋ, ಅಥವಾ ನಕ್ಕು ಹಗುರಾಗಿದ್ದರೋ, ಅಂತೂ ಪ್ರವೇಶಕ್ಕೆ ಸಾಲು ನಿಂತಿತು. ಇಷ್ಟು ದಿನ ಆಕೆಯನ್ನು ಜಾವಾ ಜಾವಾ ಎಂದು ಗೋಳು ಹೊಯ್ದುಕೊಂಡ ಮಾಸ್ತರರು ಹತ್ತಿರ ಬಂದು, "ಯಾವ ಭಾಷಾ ಆದ್ರೇನ್ರಿ ಮೇಡಂ, ಮಂದಿ ಬಂದ್ರ ಆತು. ಬೋರ್ಡ್ ಬದಲಿ ಮಾಡಸ್ತೇನಿ," ಎಂದು ಹೋದರು. ಅವರಿಗೆ ಹೆದರಿ ತಾನು ಕಳೆದುಕೊಂಡ ಮಧ್ಯಾಹ್ನಗಳನ್ನು ನೆನೆದು ಶೈಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾಕಾ ಎದ್ದು ಕಿಟಕಿಯ ಹತ್ತಿರ ನಿಂತಿದ್ದರು. ಅವರಿಗೆಂದು ತಂದಿಟ್ಟ ಚಹಾ ಮುಟ್ಟಿರಲಿಲ್ಲ. ಅದರ ಮೇಲೆ ಕೆನೆ ಕಟ್ಟಿತ್ತು.

"ಯಾಕ ಹೇಳಲಿಲ್ಲ?" ಎಂದರು.

"ಧೈರ್ಯ ಆಗಲಿಲ್ರಿ ಕಾಕಾರ. ನಿಮ್ಮನ್ನ ಕೇಳಿಬಿಟ್ಟಿದ್ದೆ. ಕೇಳಿದ ಮ್ಯಾಲ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

"ಮಂದಿ ಮುಂದ ಬಾಯಿ ಬಂತು."

ಮಂದಿಯ ಮುಂದೆ ಹೇಳಿದ್ದು ತಪ್ಪೇ. ಫೋನಿನಲ್ಲಿ ಹೇಳಬೇಕಿತ್ತು. ಅದು ಆಕೆಗೂ ಗೊತ್ತಿತ್ತು.

ಕಾಕಾ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟರು. "ಇನ್ನ ಮ್ಯಾಲ ನನ್ನ ಏನೂ ಕೇಳಬ್ಯಾಡ," ಎಂದರು. ನಮ್ಮ ಕಡೆ ಹಿರಿಯರಾದವರು ಕೊಡಬಹುದಾದ ದೊಡ್ಡ ಶಿಕ್ಷೆ ಅದು. ಹಿಂದಿನ ಶೈಲಾ ಆಗಿದ್ದರೆ ಕಾಲು ಹಿಡಿಯುತ್ತಿದ್ದಳು. ಈಗ ಆಕೆ, "ಹೂಂನ್ರಿ ಕಾಕಾರ," ಎಂದಳು. ಅಂದ ಮೇಲೆ ಹೆಗಲಿನಿಂದ ಏನೋ ಇಳಿದ ಹಾಗಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಕಾಕಾ ಒಬ್ಬರೇ ಮೆಟ್ಟಿಲಿಳಿದು ಹೋಗಿ ಬಾಗಲಕೋಟೆಯ ಬಸ್ಸು ಹತ್ತಿದರು. ಆಕೆ ಕಿಟಕಿಯಿಂದ ನೋಡಿದಳು. ಅವರು ಮೇಲೆ ನೋಡಲಿಲ್ಲ.

ಆ ವಾರ ಕ್ಲಾಸು ಶುರುವಾಯಿತು. ಕೋಣೆ ಆಕೆಯದಾಗಿಯೇ ಉಳಿಯಿತು. ಹಿಗ್ಗಬೇಕಾದ ಸಂಗತಿ, ಆದರೆ ಹಿಗ್ಗು ಬರಲಿಲ್ಲ. ಬೆನ್ನು ನೋಯುತ್ತಿತ್ತು, ಮಳೆಗಾಲದ ಮೋಡ ಕವಿದು ಬಸ್ಸಿನಲ್ಲಿ ಉಸಿರು ಕಟ್ಟುತ್ತಿತ್ತು. "ಗೆದ್ದಿ ಬಿಡು," ಎಂದ ನಾಗಲಿಂಗ. ಶೈಲಾ ರೊಟ್ಟಿ ಬುಟ್ಟಿಗೆ ಮುಚ್ಚಳ ಹಾಕಿದಳು.

ಭಾನುವಾರ ಮಧ್ಯಾಹ್ನ ಕಾಕಾನ ಫೋನು ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುವುದು ರೂಢಿಯಾಗಿದ್ದರಿಂದ ಶೈಲಾ ಅಡುಗೆ ಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ತಾನೇ ಮಾಡೋಣವೆಂದು ಫೋನು ಕೈಗೆತ್ತಿಕೊಂಡಳು, ಮತ್ತೆ ಇಟ್ಟಳು. ಮಾಡಿ ಏನು ಹೇಳುವುದು? ಅವರನ್ನು ಏನಾದರೂ ಕೇಳುವುದೊಂದನ್ನು ಬಿಟ್ಟರೆ ಅವರ ಜೊತೆ ಆಡಲು ತನಗೆ ಬೇರೆ ಮಾತೇ ಇಲ್ಲ ಎಂಬುದು ಆಗ ಆಕೆಗೆ ತಿಳಿಯಿತು. ಹೆತ್ತ ತಂದೆಯ ಹಾಗೆ ಸಾಕಿದವರ ಜೊತೆ, ಇಷ್ಟು ವರ್ಷ, ಬೇರೆ ಒಂದು ಮಾತಿಲ್ಲ. ಫೋನು ಹಚ್ಚಿದಳು.

ಬಹಳ ಹೊತ್ತು ರಿಂಗಾದ ಮೇಲೆ ಕಾಕಾ ಎತ್ತಿದರು. "ಏನು ಕೇಳೂದಿತ್ತು?" ಎಂದರು, ಬಿಗಿಯಾಗಿ.

"ಏನೂ ಇಲ್ರಿ ಕಾಕಾರ. ಕೇಳಾಕ ಮಾಡಿಲ್ಲ."

"ಮತ್ತ?"

"ಸುಮ್ನ ಮಾಡೀನ್ರಿ."

ಆ ಕಡೆಯಿಂದ ಫ್ಯಾನು ತಿರುಗುವ ಸಪ್ಪಳ ಮಾತ್ರ ಕೇಳುತ್ತಿತ್ತು. ಇನ್ನೇನು ಇಟ್ಟುಬಿಡುತ್ತಾರೆ ಎಂದು ಶೈಲಾ ಕಾದಳು. ಅವರು ಇಡಲಿಲ್ಲ.

"ಊಟ ಆತೇನು?" ಎಂದರು ಕಾಕಾ.

ಓದಿದೆಯಾ, ಬರೆದೆಯಾ, ಎಲ್ಲಿಗೆ ಬಂತು ಎಂದು ಅವರು ಸಾವಿರ ಸಲ ಕೇಳಿದ್ದರು. ಇದನ್ನು ಕೇಳಿದ್ದು ಆಕೆಗೆ ನೆನಪಿಲ್ಲ. ಶೈಲಾ ಗೋಡೆಗೆ ಆತು ಹಾಗೇ ಕೆಳಗೆ ಕುಳಿತಳು.

"ಇನ್ನೂ ಇಲ್ರಿ ಕಾಕಾರ. ಭಾಳ ದಣದೀನ್ರಿ."

ಈ ಮಾತನ್ನೂ ಆಕೆ ಎಂದೂ ಅವರಿಗೆ ಹೇಳಿರಲಿಲ್ಲ.

"ಹಂಗಾದ್ರ ಉಂಡು ಸ್ವಲ್ಪ ಮಲಕ್ಕೊ, ತಂಗಿ," ಎಂದರು ಕಾಕಾ.

ಆಕೆ ಕೇಳದೆಯೇ ಅವರು ಹೇಳಿದ ಮಾತು ಅದು. ಶೈಲಾ ಉಂಡಳು, ಮಲಗಿದಳು, ಸಂಜೆಯತನಕ ಏಳಲಿಲ್ಲ.